ಅಣ್ಣನ ಭಾಷೆಗೆ ಬೇರೆ ಮೇಷ್ಟರು

ಅಣ್ಣನಿಗೆ ಗೊತ್ತಾಗಬಾರದು, ಅತ್ತಿಗೆ ಹಾಕಿದ ಕರಾರು ಇದೊಂದೇ. ಯಾವ ಪುಸ್ತಕ ಓದುತ್ತೀಯೋ, ಯಾರ ಹತ್ತಿರ ಕಲಿಯುತ್ತೀಯೋ ಅದೆಲ್ಲ ನಿನಗೆ ಬಿಟ್ಟದ್ದು ಎಂದಳು. ಆಗ ಅವಳು ಅಣ್ಣನ ಅಂಗಿಗಳ ಗುಂಡಿ ಕಿತ್ತು ಅಂಟುಪಟ್ಟಿ ಹೊಲಿಯುತ್ತ ಕೂತಿದ್ದಳು, ಎಡಗೈಯೊಂದರಲ್ಲೇ ಹಾಕಿಕೊಳ್ಳಲು ಸುಲಭವಾಗಲಿ ಎಂದು. ನನ್ನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅತ್ತಿಗೆ ತಲೆ ಎತ್ತದೆ ಹೇಳಿದ ಮಾತಿಗೆ ನಮ್ಮ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ.

ಅಣ್ಣ ಕಬ್ಬಿಣದ ಮೆಟ್ಟಿಲು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆದವನು. ಬರೆದವನು ಅನ್ನುವುದಕ್ಕಿಂತ ಬರೆಸಿದವನು ಅನ್ನಬೇಕು. ನಕ್ಷೆ ಬರೆಯುವ ಕಂಪ್ಯೂಟರ್ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಒಂದು ಪುಟ್ಟ ಭಾಷೆ ಇದೆ. ಆ ಭಾಷೆಯಲ್ಲಿ ಒಮ್ಮೆ ಅಪ್ಪಣೆ ಬರೆದಿಟ್ಟರೆ ಸಾಕು, ಮಹಡಿಯ ಎತ್ತರ ಇಷ್ಟು, ಮೆಟ್ಟಿಲಿನ ಅಗಲ ಇಷ್ಟು ಎಂದು ಹೇಳಿದ ಕೂಡಲೇ ಇಡೀ ನಕ್ಷೆ ತಾನಾಗಿ ಮೂಡುತ್ತದೆ. ಲಿಸ್ಪ್ ಎಂಬ ಹಳೆಯ ಮನೆತನಕ್ಕೆ ಸೇರಿದ ಭಾಷೆ ಅದು. ಸಾಲಿನ ತುಂಬ ಬ್ರಾಕೆಟ್ಟುಗಳು, ಒಂದರೊಳಗೊಂದು, ಅದರೊಳಗೆ ಇನ್ನೊಂದು. ಅಂಥ ಇನ್ನೂರ ಹದಿನಾಲ್ಕು ಕಡತಗಳನ್ನು ಅಣ್ಣ ಒಬ್ಬನೇ ಬರೆದಿದ್ದ. ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಅದರ ತಲೆಬುಡ ತಿಳಿಯದು. ಎಲ್ಲ ಸರಿಯಾಗಿ ನಡೆಯುತ್ತಿದ್ದುದರಿಂದ ತಿಳಿಯುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

ಐದು ತಿಂಗಳ ಹಿಂದೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಅಲ್ಲೇ ಕುಸಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಮಾತಿನಲ್ಲಿ ಉಳಿದದ್ದು ‘ಅದೇ’ ಅನ್ನುವುದೊಂದು. ನೀರು ಬೇಕಾದರೂ ಅದೇ, ಕಿಟಕಿ ಮುಚ್ಚಬೇಕಾದರೂ ಅದೇ, ಸಿಟ್ಟು ಬಂದರೂ ಅದೇ. ವಾರಕ್ಕೆ ಮೂರು ದಿನ ಮಾತು ಕಲಿಸುವ ಥೆರಪಿಸ್ಟ್ ಬಂದು ಬೆಕ್ಕು, ಕೊಡೆ, ಬಾಗಿಲಿನ ಚಿತ್ರ ತೋರಿಸುತ್ತಿದ್ದಳು. ಐವತ್ತು ದಾಟಿದ ಗಂಡಸು ಬೆಕ್ಕಿನ ಚಿತ್ರದ ಮುಂದೆ ಹಣೆಯ ನರ ಉಬ್ಬಿಸಿಕೊಂಡು ತಿಣುಕುವುದನ್ನು ನೋಡಲಾರದೆ ನಾನು ಆ ಹೊತ್ತಿಗೆ ಏನಾದರೂ ನೆಪ ತೆಗೆದು ಹೊರಗೆ ಹೋಗಿಬಿಡುತ್ತಿದ್ದೆ.

ಅವನು ತಿಣುಕುತ್ತಿದ್ದದ್ದು ಕುರ್ಚಿಗಾಗಿ. ಕಾರ್ಖಾನೆಯ ಯಜಮಾನರು ಆಸ್ಪತ್ರೆಗೆ ಬಂದಾಗ ಅವನ ಕೈ ಹಿಡಿದು, ನಿಮ್ಮ ಕುರ್ಚಿ ಹಾಗೇ ಇರುತ್ತೆ, ಹುಷಾರಾಗಿ ಬನ್ನಿ ಎಂದು ಹೇಳಿಹೋಗಿದ್ದರು. ಅಂದಿನಿಂದ ಅವನು ದಿನಾ ಬೆಳಗ್ಗೆ ಗೋಡೆಗೆ ತೂಗುಹಾಕಿದ್ದ ಕೆಲಸದ ಚೀಲ ತೋರಿಸಿ ‘ಅದೇ’ ಅನ್ನುವನು. ಆ ಆಸೆ ಇರುವುದರಿಂದಲೇ ಇಷ್ಟು ಪ್ರಯತ್ನ ಪಡುತ್ತಿದ್ದಾರೆ, ಅದು ಹೋದರೆ ಕೈಚೆಲ್ಲಿಬಿಡುತ್ತಾರೆ ಎಂದು ಥೆರಪಿಸ್ಟ್ ಅತ್ತಿಗೆಗೆ ಹೇಳಿದ್ದಳು.

ಯಜಮಾನರು ಕೆಟ್ಟವರಲ್ಲ. ಆದರೆ ಖಾಲಿ ಕುರ್ಚಿ ನಕ್ಷೆ ಬರೆಯುವುದಿಲ್ಲವಲ್ಲ. ನಾನೂ ನಕ್ಷೆಯ ಕೆಲಸದವಳೇ. ಕೆಲಸಕ್ಕಿದ್ದ ಕಚೇರಿ ಬಾಗಿಲು ಹಾಕಿತ್ತು, ಮದುವೆಯೂ ಅದಕ್ಕಿಂತ ಮೊದಲೇ ಬಾಗಿಲು ಹಾಕಿತ್ತು, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಅವರು ನನ್ನನ್ನು ಕರೆಸಿದರು. ಅಣ್ಣನ ಜಾಗ, ಅಣ್ಣನ ಸಂಬಳ. ಮೂರು ತಿಂಗಳಲ್ಲಿ ಆ ಬ್ರಾಕೆಟ್ಟಿನ ಭಾಷೆ ಕಲಿತು ಅವನ ಕಡತಗಳನ್ನು ಸಂಭಾಳಿಸಬೇಕು. ಆಗದಿದ್ದರೆ ಹೊರಗಿನಿಂದ ಸಿದ್ಧ ತಂತ್ರಾಂಶ ತರುತ್ತಾರೆ, ಆಮೇಲೆ ಆ ಕುರ್ಚಿಯೇ ಇರುವುದಿಲ್ಲ. ನಾನು ಒಪ್ಪಿಕೊಂಡೆ. ಕಟ್ಟಡ ಕಟ್ಟುವವರ ಹೊಸದೊಂದು ಕಚೇರಿಗೆ ಸೇರಿದ್ದೇನೆ ಎಂದು ಅಣ್ಣನಿಗೆ ಹೇಳಿದೆವು. ಅವನು ಖುಷಿಯಿಂದ ಎಡಗೈಯಲ್ಲಿ ನನ್ನ ಬೆನ್ನು ತಟ್ಟಿದ.

ಹೀಗೆ, ಅಣ್ಣನ ಭಾಷೆಯನ್ನು ಅಣ್ಣನಿಂದ ಬಚ್ಚಿಟ್ಟು ಕಲಿಯಬೇಕಾಯಿತು. ಮೇಷ್ಟರನ್ನು ಹುಡುಕಲು ಹೊರಟೆ.

ಮೊದಲು ಸಿಕ್ಕಿದ್ದು ಗ್ರಂಥಾಲಯದ ಒಂದು ಪುಸ್ತಕ. ನಿದ್ದೆ ಬಂದರೆ ತಲೆಗೆ ಇಟ್ಟುಕೊಳ್ಳಬಹುದಾದಷ್ಟು ದಪ್ಪ. ತಿಳಿದವರೆಲ್ಲ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ ಎಂದು ಗ್ರಂಥಪಾಲಕಿ ಹೇಳಿದಳು. ಇಪ್ಪತ್ತನೇ ಪುಟದಲ್ಲೇ ಒಂದು ಗಣಿತದ ಲೆಕ್ಕ ಬಂತು. ಅದನ್ನು ಅರ್ಥಮಾಡಿಕೊಳ್ಳಲು ಇನ್ನೊಂದು ಪುಸ್ತಕ ಬೇಕಿತ್ತು. ಅದಿರಲಿ, ಅದನ್ನು ಮನೆಯಲ್ಲಿ ಎಲ್ಲಿಡುವುದು? ಕಪಾಟಿನಲ್ಲಿಟ್ಟರೆ ಅಣ್ಣನ ಕಣ್ಣಿಗೆ ಬೀಳುತ್ತದೆ, ಹಾಸಿಗೆಯಡಿ ಇಟ್ಟರೆ ನನ್ನ ಬೆನ್ನಿಗೆ ಚುಚ್ಚುತ್ತದೆ. ನಾಲ್ಕನೇ ದಿನ ವಾಪಸು ಕೊಟ್ಟೆ.

ಎರಡನೆಯದು ನಕ್ಷೆಯ ಪ್ರೋಗ್ರಾಮಿನ ಜೊತೆಗೇ ಬಂದ ಕೈಪಿಡಿ. ಆ ಭಾಷೆಯ ಒಂದೊಂದು ಪದವನ್ನೂ ಸಾಲಾಗಿ ಜೋಡಿಸಿ ಅರ್ಥ ಬರೆದಿದ್ದರು, ಅಷ್ಟೇ. ನಿಘಂಟು ಬಾಯಿಪಾಠ ಮಾಡಿ ಮಾತು ಕಲಿ ಅಂದ ಹಾಗಿತ್ತು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮೊದಲ ಪುಟಗಳಲ್ಲೇ ಇದ್ದವು. ನಾಲ್ಕನೇ ತರಗತಿಯ ಲೆಕ್ಕ ನನಗೆ ಹೇಳಿಕೊಡಬೇಕೇ ಎಂದು ಮೂಗು ಮುರಿದು ಹಾರಿಸಿದೆ. ಹತ್ತನೇ ಪುಟಕ್ಕೆ ಮುಚ್ಚಿಟ್ಟೆ.

ಮೂರನೆಯದು ಈ ಭಾಷೆಯ ಹಳೇ ಹುಲಿಗಳು ಸೇರುವ ಒಂದು ಅಂತರ್ಜಾಲದ ಜಗಲಿ. ಎಷ್ಟೋ ವರ್ಷದ ಹಿಂದೆ ಯಾರೋ ಒಬ್ಬ ಪಾಪ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದ. ನಲವತ್ತು ಜನ ಉತ್ತರಿಸಿದ್ದರು. ಇಂಥ ಪುಸ್ತಕ ಎಂದು ಒಬ್ಬ, ಅದನ್ನು ಓದಿದವನು ಕೆಟ್ಟ ಎಂದು ಇನ್ನೊಬ್ಬ, ಮೊದಲು ಈ ಮನೆತನದ ಯಾವ ದಾಯಾದಿ ಭಾಷೆ ಬೇಕೆಂದು ತೀರ್ಮಾನಿಸಿ ಎಂದು ಮತ್ತೊಬ್ಬ. ಮೂರನೇ ಪುಟದ ಹೊತ್ತಿಗೆ ಮಾತು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿತ್ತು. ಕೇಳಿದವನು ಮತ್ತೆ ಆ ಕಡೆ ತಲೆಹಾಕಿರಲಿಲ್ಲ. ಬೇರೆ ಯಾವುದೋ ಭಾಷೆ ಕಲಿತು, ಕೆಲಸಕ್ಕೆ ಸೇರಿ, ಈಗ ನಿವೃತ್ತನೂ ಆಗಿರಬೇಕು.

ನಾಲ್ಕನೆಯದು ಅಣ್ಣನದೇ ಎರಡು ಉದ್ದನೆಯ ನೋಟುಬುಕ್ಕುಗಳು. ಅವು ಅವನ ಮಂಚದ ಪಕ್ಕದ ಖಾನೆಯಲ್ಲಿದ್ದವು. ಅವನು ದಿನವಿಡೀ ಆ ಮಂಚದ ಮೇಲೇ ಇರುತ್ತಿದ್ದ.

ಕೊನೆಗೆ ಹಿಡಿಸಿದ್ದು ಒಂದು ವಿಡಿಯೋ ಪಾಠಮಾಲೆ. ಹಸನ್ಮುಖಿ ಮೇಷ್ಟರು, ಒಂದೊಂದು ಪಾಠ ಹತ್ತೇ ನಿಮಿಷ, ಕೊನೆಯಲ್ಲಿ ಸಣ್ಣ ಅಭ್ಯಾಸ, ಉತ್ತರ ಸರಿಯಾದರೆ ಪರದೆಯ ಮೇಲೆ ಹಸಿರು ಟಿಕ್ಕು. ಅಲ್ಲೇ ಬರೆದು ಅಲ್ಲೇ ಓಡಿಸಿ ನೋಡಲು ಒಂದು ಕಿಟಕಿ. ಅವರು ಕಲಿಸುತ್ತಿದ್ದದ್ದು ನಮ್ಮ ಕಾರ್ಖಾನೆಯ ಭಾಷೆಯನ್ನಲ್ಲ, ಅದೇ ಮನೆತನದ ಇನ್ನೊಂದನ್ನು. ಎಲ್ಲರೂ ಮೆಚ್ಚುವ, ಓದಿಕೊಂಡ ದೊಡ್ಡಪ್ಪನ ಮಗನಂಥದ್ದನ್ನು. ಇವರಲ್ಲಿ ಒಬ್ಬರನ್ನು ಬಲ್ಲವರಿಗೆ ಉಳಿದವರ ಗುರುತು ಹಿಡಿಯುವುದು ಕಷ್ಟವಲ್ಲ ಎಂದು ಮೇಷ್ಟರು ಮೊದಲ ಪಾಠದಲ್ಲೇ ಧೈರ್ಯ ತುಂಬಿದರು. ನನಗೂ ಹಾಗೇ ಕಂಡಿತು. ಅದೇ ಬ್ರಾಕೆಟ್ಟು, ಅದೇ ಚಹರೆ.

ಗುಣ ನೋಡಿ ಆರಿಸಿದೆ ಎಂದು ಆಮೇಲೆ ಯಜಮಾನರಿಗೆ ಹೇಳಿದೆ. ಸುಳ್ಳು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಯಾರಿಗೂ ತಿಳಿಯದು, ಅದಕ್ಕೇ ಆರಿಸಿದೆ. ಬಟ್ಟೆ ಒಣಹಾಕುತ್ತ ಕೇಳುತ್ತಿದ್ದೆ, ಬಸ್ಸಿನಲ್ಲಿ ಕೇಳುತ್ತಿದ್ದೆ, ಅಣ್ಣನ ಎದುರಿಗೇ ಕೂತು ಕೇಳುತ್ತಿದ್ದೆ. ಹಾಡು ಕೇಳುತ್ತಿದ್ದೇನೆ ಎಂದುಕೊಂಡು ಅವನು ತಲೆದೂಗುತ್ತಿದ್ದ.

ಒಂದು ಪಾಠವಂತೂ ನನ್ನ ಮನಸ್ಸಿಗೆ ನಾಟಿತು. ಏಳನ್ನು ಎರಡರಿಂದ ಭಾಗಿಸಿ ಎಂದರೆ ಎಷ್ಟೋ ಭಾಷೆಗಳು ಮೂರು ಎಂದು ಹೇಳಿ ಉಳಿದದ್ದನ್ನು ಬಿಸಾಡಿಬಿಡುತ್ತವಂತೆ. ಈ ಭಾಷೆ ಹಾಗಲ್ಲ, ಏಳರ ಅರ್ಧ ಎಂದು ಭಿನ್ನರಾಶಿಯಾಗಿಯೇ ಜೋಪಾನ ಮಾಡುತ್ತದೆ, ಒಂದು ಚೂರನ್ನೂ ಚೆಲ್ಲುವುದಿಲ್ಲ ಎಂದರು ಮೇಷ್ಟರು. ನಾನು ಬಸ್ಸಿನ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ದಿನಕ್ಕೊಂದು ಕಳೆದುಹೋಗುತ್ತಿದ್ದ ಮನೆಯಿಂದ ಬಂದವಳಿಗೆ ಒಂದು ಭಾಗಾಕಾರವೂ ಸಮಾಧಾನ ಹೇಳಿತು.

ಎರಡೂವರೆ ತಿಂಗಳಲ್ಲಿ ಅರವತ್ತು ಪಾಠ ಮುಗಿಸಿದೆ, ಅರವತ್ತು ಹಸಿರು ಟಿಕ್ಕು. ಅಣ್ಣನ ಕಡತಗಳನ್ನು ಓದಿದರೆ ಅಲ್ಪಸ್ವಲ್ಪ ಅರ್ಥವಾಗತೊಡಗಿತು. ಅಷ್ಟರಲ್ಲಿ ಒಂದು ಚಿಕಿತ್ಸಾಲಯದ ಮೆಟ್ಟಿಲಿನ ಕೆಲಸ ಬಂತು. ಅದರ ಹಿಂದೆಯೇ ಇನ್ನೂ ಮೂರು ಕಟ್ಟಡಗಳವು. ಅಣ್ಣನ ಪದ್ಧತಿಯಲ್ಲಿ ಪ್ರತಿ ಕೆಲಸಕ್ಕೂ ಕೂತು ಒಂದೊಂದು ಮೆಟ್ಟಿಲಿನ ಎತ್ತರವನ್ನು ಲೆಕ್ಕಹಾಕಿ ಕೈಯಲ್ಲೇ ತುಂಬಬೇಕಿತ್ತು. ನಾನು ಜಾಣತನ ತೋರಿಸಿದೆ. ಎತ್ತರ, ಮೆಟ್ಟಿಲುಗಳ ಸಂಖ್ಯೆ ಎರಡನ್ನೂ ಕಟ್ಟಡದವರು ಕಳಿಸಿದ ಪಟ್ಟಿಯಿಂದಲೇ ತೆಗೆದುಕೊಂಡು, ಭಾಗಿಸಿ, ಬರೆದುಬಿಡುವ ಹಾಗೆ ಅವನ ಕಡತದಲ್ಲಿ ಎಂಟು ಸಾಲು ಸೇರಿಸಿದೆ. ಅವನ ಹಳೆಯ ಮೆಟ್ಟಿಲೊಂದರ ಮೇಲೆ ಪರೀಕ್ಷೆ ಮಾಡಿದೆ: ಮೂರು ಸಾವಿರದ ನಾನ್ನೂರು ಮಿಲಿಮೀಟರ್, ಇಪ್ಪತ್ತು ಮೆಟ್ಟಿಲು, ಒಂದೊಂದೂ ನೂರ ಎಪ್ಪತ್ತು. ಅವನ ನಕ್ಷೆಗೂ ನನ್ನದಕ್ಕೂ ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಪ್ರತಿ ಕಡತದ ಮೊದಲ ಸಾಲಿನಲ್ಲಿ ಅದಕ್ಕೆ ಹೊಣೆಯಾದವರ ಹೆಸರಿರಬೇಕು. ಆ ಹೆಸರೇ ನಕ್ಷೆಯ ಬಲಮೂಲೆಯಲ್ಲಿ ಅಚ್ಚಾಗುತ್ತದೆ. ಅಳತೆ ತಪ್ಪಿದರೆ ಕೆಳಗೆ ಕಬ್ಬಿಣ ಕತ್ತರಿಸುವವರು ಆ ಹೆಸರು ಹಿಡಿದೇ ಕೂಗುತ್ತಾರೆ. ಕಡತ ಮುಟ್ಟಿದವರು ಹೆಸರು ಬದಲಿಸಬೇಕು. ನಾನು ಬದಲಿಸಲಿಲ್ಲ. ಅಣ್ಣನ ಹೆಸರು ಅಳಿಸಲು ಕೈ ಬರಲಿಲ್ಲ ಎಂದು ಆಗ ಅಂದುಕೊಂಡಿದ್ದೆ. ನನ್ನ ಹೆಸರು ಹಾಕಲು ಧೈರ್ಯ ಸಾಲಲಿಲ್ಲ ಎಂದು ಈಗ ಹೇಳುತ್ತೇನೆ.

ಚಿಕಿತ್ಸಾಲಯದ ಮೆಟ್ಟಿಲು ಕೂರಿಸಿ ಆರು ದಿನವಾಗಿತ್ತು. ನೋಡಿದವರೆಲ್ಲ ಚೆನ್ನಾಗಿದೆ ಅಂದಿದ್ದರು. ಏಳನೇ ದಿನ ಬೆಳಗ್ಗೆ ಔಷಧಿಯ ತಟ್ಟೆ ಹಿಡಿದು ಮೇಲೆ ಹೋಗುತ್ತಿದ್ದ ಒಬ್ಬ ನರ್ಸ್ ಕಡೆಯ ಮೆಟ್ಟಿಲಿನಲ್ಲಿ ಎಡವಿ ಮುಗ್ಗರಿಸಿದಳು. ತಟ್ಟೆ ಬಿಡಲಿಲ್ಲವಂತೆ, ಅದಕ್ಕೇ ಕೈ ಮಡಚಿ ಬಿದ್ದು ಮಣಿಕಟ್ಟು ಎರಡು ಕಡೆ ಮುರಿಯಿತು. ಅದೇ ದಿನ ಮಧ್ಯಾಹ್ನ ಅಲ್ಲೇ ಇನ್ನಿಬ್ಬರು ಎಡವಿದರು.

ಅಳೆಯಲು ನಮ್ಮ ಫಿಟ್ಟರ್ ಹೋದ. ಅವನನ್ನು ಎಲ್ಲರೂ ಕರೆಯುವುದು ಮಿಲಿಮೀಟರ್ ಎಂದು. ಮಗಳ ಎತ್ತರವನ್ನೂ ಅವನು ಮಿಲಿಮೀಟರಿನಲ್ಲೇ ಹೇಳುತ್ತಾನೆ. ಇಪ್ಪತ್ತೆರಡು ಮೆಟ್ಟಿಲುಗಳನ್ನೂ ಅಳೆದು ಚೀಟಿ ತಂದು ನನ್ನ ಮೇಜಿನ ಮೇಲಿಟ್ಟ. ಇಪ್ಪತ್ತೊಂದು ಮೆಟ್ಟಿಲು ಸರಿಸಮ, ನೂರ ಎಪ್ಪತ್ತೊಂಬತ್ತು. ಕಡೆಯದೊಂದು ನೂರ ತೊಂಬತ್ತೊಂದು. ಹನ್ನೆರಡು ಮಿಲಿಮೀಟರ್ ಹೆಚ್ಚು. ನೋಡಿದರೆ ಕಣ್ಣಿಗೆ ತಿಳಿಯದು, ಆದರೆ ಇಪ್ಪತ್ತೊಂದು ಸಲ ಒಂದೇ ಎತ್ತರ ಏರಿದ ಕಾಲು ಇಪ್ಪತ್ತೆರಡನೆಯದಕ್ಕೂ ಅಷ್ಟೇ ಎತ್ತುತ್ತದೆ.

“ಕೂರಿಸಿದ್ದರಲ್ಲಿ ತಪ್ಪಿಲ್ಲ. ನಕ್ಷೇಲೇ ಹೀಗಿದೆ,” ಎಂದ ಮಿಲಿಮೀಟರ್. ನಕ್ಷೆಯ ಮೂಲೆಗೆ ಬೆರಳಿಟ್ಟ. “ಇಷ್ಟು ವರ್ಷದಲ್ಲಿ ಈ ಹೆಸರಿದ್ದ ನಕ್ಷೆ ನಾನು ಅಳೆದು ನೋಡಿದ್ದೇ ಇಲ್ಲ. ಈ ಸಲವೂ ನೋಡಲಿಲ್ಲ.”

ಅವನು ಬೈದಿದ್ದರೆ ವಾಸಿಯಿತ್ತು.

ಯಜಮಾನರು ಕೂಗಾಡಲಿಲ್ಲ. ನರ್ಸಿನ ಮನೆಗೆ ತಾವೇ ಹೋಗಿಬಂದರು. ಶುಕ್ರವಾರ ಸಂಜೆ ನನ್ನನ್ನು ಕರೆದು, ಉಳಿದ ಮೂರು ಮೆಟ್ಟಿಲುಗಳ ಕಬ್ಬಿಣ ಕತ್ತರಿಸುವುದನ್ನು ನಿಲ್ಲಿಸಿದ್ದೇನೆ, ಸೋಮವಾರದೊಳಗೆ ತಪ್ಪು ಎಲ್ಲಿದೆ ಎಂದು ತೋರಿಸಿ, ಇಲ್ಲದಿದ್ದರೆ ನಿಮ್ಮಣ್ಣನ ಕಡತಗಳನ್ನೆಲ್ಲ ಎತ್ತಿಟ್ಟು ಸಿದ್ಧ ತಂತ್ರಾಂಶ ತರಿಸುತ್ತೇನೆ ಎಂದರು. ನಿಮ್ಮಣ್ಣನ ಕಡತಗಳು ಎಂದರೇ ಹೊರತು ನಿಮ್ಮ ಎಂಟು ಸಾಲು ಅನ್ನಲಿಲ್ಲ. ಆ ಎಂಟು ಸಾಲಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಹೇಳಬೇಕಿತ್ತು. ಸೋಮವಾರ ತೋರಿಸುತ್ತೇನೆ ಎಂದಷ್ಟೇ ಹೇಳಿ ಬಂದೆ.

ಶನಿವಾರ ಇಡೀ ದಿನ ಆ ಎಂಟು ಸಾಲಿನ ಮುಂದೆ ಕೂತೆ. ಮೂರು ಸಾವಿರದ ಒಂಬೈನೂರ ಐವತ್ತನ್ನು ಇಪ್ಪತ್ತೆರಡರಿಂದ ಭಾಗಿಸಬೇಕು. ಪಾಠಮಾಲೆಯ ಕಿಟಕಿಯಲ್ಲಿ ಓಡಿಸಿದರೆ ಉತ್ತರ ಸರಿಯಾಗಿ, ಭಿನ್ನರಾಶಿಯಾಗಿ ಬಂತು. ಅದನ್ನು ಇಪ್ಪತ್ತೆರಡು ಸಲ ಕೂಡಿದರೆ ಪೂರ್ತಿ ಎತ್ತರ. ಅಂದಮೇಲೆ ನನ್ನ ಸಾಲು ಸರಿ. ಪಾಠಮಾಲೆಯ ಪ್ರಶ್ನೋತ್ತರದಲ್ಲಿ ಹಾಕಿ ಕೇಳಿದೆ. ನಾವೂ ಓಡಿಸಿ ನೋಡಿದೆವು, ಸರಿಯಾಗೇ ಇದೆಯಲ್ಲ ಎಂದು ಮೂವರು ಉತ್ತರ ಕೊಟ್ಟರು, ಒಬ್ಬರು ಹೂವಿನ ಚಿತ್ರ ಕಳಿಸಿದರು. ಹಾಗಾದರೆ ತಪ್ಪು ಅಣ್ಣನ ಹಳೆಯ ಸಾಲುಗಳಲ್ಲೇ ಇರಬೇಕು ಎಂದು ನನ್ನ ಮನಸ್ಸು ಮೆಲ್ಲಗೆ ಹೇಳಿತು. ಆ ಯೋಚನೆ ಬಂದಾಗ ನನಗೆ ಒಂದು ಕ್ಷಣ ಹಾಯೆನಿಸಿತು. ಅಷ್ಟು ಕೀಳಾಗಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಭಾನುವಾರ ಬೆಳಗ್ಗೆ ಅಡಿಗೆಮನೆಯಲ್ಲಿ ಅತ್ತಿಗೆಗೆ ಎಲ್ಲ ಹೇಳಿ, ಅಣ್ಣನಿಗೆ ತೋರಿಸುತ್ತೇನೆ ಎಂದೆ. ಬೇಡವೇ ಬೇಡ ಎಂದಳು. ಅವರು ಬೆಕ್ಕಿನ ಹೆಸರು ಹೇಳಲಾರರು, ಇದನ್ನು ಹೇಳುತ್ತಾರೆಯೇ, ಸುಮ್ಮನೆ ಕುರ್ಚಿ ಹೋದ ಸುದ್ದಿ ಕೊಟ್ಟು ಕೊಂದಹಾಗಾಗುತ್ತದೆ ಎಂದಳು. ನನಗೂ ಪಿತ್ತ ನೆತ್ತಿಗೇರಿತು. ನೀನು ಹಾಕಿದ ಕರಾರಿನಿಂದಲೇ ಇಷ್ಟೆಲ್ಲ ಆದದ್ದು, ಒಬ್ಬಳ ಕೈ ಮುರಿದದ್ದು ಎಂದುಬಿಟ್ಟೆ. ಅವಳು ಈ ಸಲ ತಲೆ ಎತ್ತಿದಳು.

“ನಾನು ಅವರಿಗೆ ಗೊತ್ತಾಗಬಾರದು ಅಂದೆ. ನಿಜ. ಆದರೆ ನೀನು ಒಂದು ಸಲನಾದ್ರೂ, ಅಣ್ಣನ್ನೇ ಕೇಳೋಣ ಅತ್ತಿಗೆ ಅಂದ್ಯಾ? ಊರಲ್ಲಿರೋ ಪುಸ್ತಕ ಎಲ್ಲ ಹುಡುಕಿದೆ. ಅವರಿಗೆ ಏನೂ ಉಳಿದಿಲ್ಲ ಅಂತ ನಾನು ಅಂದ್ಕೊಂಡಿದ್ದೆ, ನೀನೂ ಅಂದ್ಕೊಂಡಿದ್ದೆ. ನನ್ನೊಬ್ಬಳ ಮೇಲೇ ಹಾಕಬೇಡ.”

ಅವಳು ಒಲೆ ಆರಿಸಿ ಹೊರಗೆ ಹೋದಳು.

ಮಧ್ಯಾಹ್ನ ಅಣ್ಣ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದ. ನಾನು ಕಾರ್ಖಾನೆಯ ಲ್ಯಾಪ್‌ಟಾಪ್ ತಂದು ಅವನ ಎದುರಿಗಿಟ್ಟೆ. ಮುಚ್ಚಳದ ಮೇಲೆ ಕಾರ್ಖಾನೆಯ ಹೆಸರಿನ ಚೀಟಿ ಅಂಟಿಸಿದ್ದರು. ಅದನ್ನು ನೋಡಿ ಅವನ ಮುಖ ಅರಳಿತು. ಯಜಮಾನರು ತನಗಾಗಿ ಕಳಿಸಿದ್ದಾರೆ ಎಂದುಕೊಂಡ. ಅದನ್ನು ನೋಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಚಿಕಿತ್ಸಾಲಯದ ನಕ್ಷೆಯನ್ನೂ ಬಿಚ್ಚಿ ಪಕ್ಕದಲ್ಲಿ ಹರಡಿದೆ.

“ನಾನು ಯಾವ ಹೊಸ ಕಚೇರಿಗೂ ಹೋಗ್ತಿಲ್ಲ ಅಣ್ಣ,” ಎಂದೆ. “ಮೂರು ತಿಂಗಳಿಂದ ನಿನ್ನ ಕುರ್ಚಿಯಲ್ಲೇ ಕೂತಿದೀನಿ. ಈ ಮೆಟ್ಟಿಲು ನಾನು ಮಾಡಿದ್ದು. ತಪ್ಪಾಗಿದೆ. ಒಬ್ಬರು ಬಿದ್ದು ಕೈ ಮುರ್ಕೊಂಡಿದಾರೆ. ಎಲ್ಲಿ ತಪ್ಪು ಅಂತ ನನಗೆ ಗೊತ್ತಾಗ್ತಿಲ್ಲ.”

ಅವನು ನನ್ನ ಮುಖ ನೋಡಿದ. ಆಮೇಲೆ ನಕ್ಷೆ ನೋಡಿದ. ಮೂಲೆಯಲ್ಲಿದ್ದ ತನ್ನ ಹೆಸರು, ಅದರ ಕೆಳಗಿನ ಮೊನ್ನೆ ಮೊನ್ನೆಯ ತಾರೀಖು. ಎಡಗೈಯ ಹೆಬ್ಬೆರಳನ್ನು ಆ ಹೆಸರಿನ ಮೇಲಿಟ್ಟ. ಬಿದ್ದವರು ಯಾರು ಎಂಬಂತೆ ಕಡೆಯ ಮೆಟ್ಟಿಲನ್ನು ತೋರಿಸಿ ನನ್ನತ್ತ ಹುಬ್ಬೆತ್ತಿದ. ನರ್ಸ್ ಎಂದೆ, ಚಿಕ್ಕ ವಯಸ್ಸು, ಎರಡು ಕಡೆ ಮುರಿದಿದೆ ಎಂದೆ. ಅವನು ಕಣ್ಣು ಮುಚ್ಚಿಕೊಂಡ. ನೀರು ಒಂದು ಕೆನ್ನೆಯಲ್ಲಿ ನೆಟ್ಟಗೆ ಇಳಿಯಿತು, ಸೊಟ್ಟಗಾದ ಇನ್ನೊಂದು ಕೆನ್ನೆಯಲ್ಲಿ ತುಟಿಯ ಕಡೆ ಹೋಯಿತು. ಕುರ್ಚಿಗಾಗಿ ಅಳುತ್ತಾನೆ ಎಂದುಕೊಂಡಿದ್ದೆ. ಅವನು ಅತ್ತದ್ದು ತನ್ನ ಹೆಸರಿದ್ದ ಮೆಟ್ಟಿಲಲ್ಲಿ ಒಬ್ಬಳು ಬಿದ್ದದ್ದಕ್ಕೆ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಒಳಗೆ ಬರಲಿಲ್ಲ.

ಅವನು ತೋಳಿನಿಂದ ಮುಖ ಒರೆಸಿಕೊಂಡು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡ. ಕಡತದ ಸಾಲುಗಳನ್ನು ಎಡಗೈಯಲ್ಲಿ ನಿಧಾನಕ್ಕೆ ಕೆಳಗಿಳಿಸಿದ. ಅವನ ಕಣ್ಣು ಓಡುತ್ತಿತ್ತು. ಚಿತ್ರದ ಕಾರ್ಡಿನ ಮುಂದೆ ಕಾಣುತ್ತಿದ್ದ ತಿಣುಕಾಟದ ಸುಳಿವೇ ಇರಲಿಲ್ಲ, ಹಣೆ ನುಣ್ಣಗಿತ್ತು. ನನ್ನ ಎಂಟು ಸಾಲು ಬಂದ ಕೂಡಲೇ ನಿಂತ. ಅವು ತನ್ನವಲ್ಲ ಎಂದು ನಾನು ಹೇಳಬೇಕಾಗಲಿಲ್ಲ. ಭಾಗಿಸುವ ಸಾಲಿನ ಮೇಲೆ ಬೆರಳಿಟ್ಟ.

ಅದು ಸರಿಯಿದೆ ಅಣ್ಣ, ನೋಡಿದ್ದೇನೆ ಎಂದೆ. ಅವನು ತಲೆಯಾಡಿಸಿ, ಕೆಳಗಿನ ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಬ್ರಾಕೆಟ್ಟು, ಭಾಗಿಸುವ ಗೆರೆ, ಏಳು, ಎರಡು, ಬ್ರಾಕೆಟ್ಟು. ಯಂತ್ರ ಮೂರು ಎಂದಿತು. ನಾನು ಬೆಪ್ಪಾಗಿ ನೋಡಿದೆ. ಅವನು ಮತ್ತೆ ಅದನ್ನೇ ಬರೆದ, ಈ ಸಲ ಎರಡರ ಬದಲು ಎರಡು ದಶಮಾಂಶ ಸೊನ್ನೆ ಎಂದು. ಯಂತ್ರ ಮೂರೂವರೆ ಎಂದಿತು. ಆಮೇಲೆ ಅವನು ನನ್ನ ಕಡೆ ತಿರುಗಿ ಕಾದ. ಮೇಷ್ಟರು ಪಾಠ ಮಾಡಿದ ಮೇಲೆ ಕಾಯುವ ಹಾಗೆ.

ದಾಯಾದಿಗಳ ಮನೆಯಲ್ಲಿ ಜೋಪಾನ ಮಾಡುವುದನ್ನು ಈ ಮನೆಯಲ್ಲಿ ಎಸೆಯುತ್ತಾರೆ. ಎರಡೂ ಪೂರ್ಣಾಂಕವಾದರೆ ನಮ್ಮ ಭಾಷೆ ಉಳಿದ ಚೂರನ್ನು ಚೆಲ್ಲಿಬಿಡುತ್ತದೆ. ಒಂದಾದರೂ ದಶಮಾಂಶವಿದ್ದರೆ ಮಾತ್ರ ಉಳಿಸಿಕೊಳ್ಳುತ್ತದೆ. ಇಪ್ಪತ್ತೆರಡು ಸಲ ಚೆಲ್ಲಿದ ಅರ್ಧರ್ಧ ಮಿಲಿಮೀಟರುಗಳು ಸೇರಿ ಕಡೆಯ ಮೆಟ್ಟಿಲಿನಲ್ಲಿ ಹನ್ನೆರಡಾಗಿದ್ದವು. ನಾನು ಪರೀಕ್ಷೆಗೆ ಹಿಡಿದ ಹಳೆಯ ಮೆಟ್ಟಿಲು ಶೇಷವಿಲ್ಲದೆ ಭಾಗವಾಗುವಂಥದ್ದು, ಅದರಲ್ಲಿ ಚೆಲ್ಲಲು ಏನೂ ಇರಲಿಲ್ಲ. ಆಮೇಲೆ ಕೈಪಿಡಿ ತೆಗೆದು ನೋಡಿದರೆ, ನಾನು ಮೂಗು ಮುರಿದು ಹಾರಿಸಿದ ಮೂರನೇ ಪುಟದಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿತ್ತು.

ಅವನು ನನ್ನ ಸಾಲಿನಲ್ಲಿ, ಪೂರ್ಣಾಂಕವನ್ನು ದಶಮಾಂಶ ಮಾಡುವ ಒಂದು ಪುಟ್ಟ ಪದವನ್ನು ಅದರದೇ ಬ್ರಾಕೆಟ್ಟಿನೊಳಗೆ ಸೇರಿಸಿದ. ನಕ್ಷೆ ಮತ್ತೆ ಮೂಡಿತು. ಇಪ್ಪತ್ತೆರಡು ಮೆಟ್ಟಿಲೂ ಒಂದೇ ಎತ್ತರ. ನನಗೆ ಅವನ ಕಾಲು ಹಿಡಿಯಬೇಕು ಅನಿಸಿತು. ಈಗಲೇ ಯಜಮಾನರಿಗೆ ಫೋನ್ ಮಾಡುತ್ತೇನೆ, ತಪ್ಪು ನನ್ನದು, ಕಂಡುಹಿಡಿದವನು ನೀನು ಎಂದು ಹೇಳುತ್ತೇನೆ, ನಿನ್ನನ್ನು ಅವರು ಕರೆಸಿಕೊಳ್ಳಲೇಬೇಕು ಎಂದೆಲ್ಲ ಏನೇನೋ ಬಡಬಡಿಸಿದೆ.

ಅವನಿಗೆ ಅದು ಕೇಳಿಸಿದಂತಿರಲಿಲ್ಲ. ಕಡತದ ಮೊದಲ ಸಾಲಿಗೆ ಹೋದ. ತನ್ನ ಹೆಸರಿನ ಕೊನೆಯಲ್ಲಿ ನಿಂತು ಅಳಿಸುವ ಗುಂಡಿ ಒತ್ತಿದ. ಒಂದೊಂದೇ ಅಕ್ಷರ ಹೋಯಿತು. ಬೇಡ ಅಣ್ಣ ಎಂದೆ. ಖಾಲಿಯಾದ ಜಾಗದಲ್ಲಿ ನನ್ನ ಹೆಸರು ಬರೆದ, ಕ್ಯಾಲೆಂಡರ್ ನೋಡಿ ಇವತ್ತಿನ ತಾರೀಖು ಹಾಕಿದ. ಉಳಿಸುವ ಗುಂಡಿಯನ್ನು ಮಾತ್ರ ಒತ್ತಲಿಲ್ಲ. ಯಂತ್ರವನ್ನು ನನ್ನ ಕಡೆ ತಳ್ಳಿದ. ನಾನು ಒತ್ತಿದೆ.

ಮುಗಿಯಿತು ಎಂದುಕೊಂಡೆ. ಅವನು ಯಂತ್ರವನ್ನು ಮತ್ತೆ ಎಳೆದುಕೊಂಡು ಎರಡನೆಯ ಕಡತ ತೆರೆದ. ಇದನ್ನು ನಾನು ಮುಟ್ಟಿಲ್ಲ, ಇದರಲ್ಲಿ ತಪ್ಪಿಲ್ಲ ಎಂದೆ. ಅವನು ಮೇಲಿನಿಂದ ಕೆಳಗಿನವರೆಗೆ ಒಂದೊಂದು ಸಾಲಿಗೂ ಬೆರಳಿಟ್ಟು ತೋರಿಸುತ್ತ ಹೋದ, ಅರ್ಥವಾಗದ ಕಡೆ ಕೆಳಗೆ ಬರೆದು ಓಡಿಸಿ ತೋರಿಸಿದ, ಪ್ರತಿ ಸಲವೂ ತಿರುಗಿ ನನ್ನ ಮುಖ ನೋಡಿದ. ನಾನು ಹೂಂ ಎಂದ ಮೇಲೆಯೇ ಮುಂದಿನ ಸಾಲು. ಕೊನೆಯ ಸಾಲು ಮುಗಿದ ಮೇಲೆ ಮೊದಲ ಸಾಲಿಗೆ ಹೋಗಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು, ಯಂತ್ರವನ್ನು ನನ್ನ ಕಡೆ ತಳ್ಳಿದ. ಈ ಸಲ ಅಳಿಸುವುದೂ ನನ್ನದೇ ಕೆಲಸ ಎಂಬಂತೆ.

ಅಷ್ಟು ಚೆನ್ನಾಗಿ ನನಗೆ ಇದುವರೆಗೆ ಯಾರೂ ಪಾಠ ಮಾಡಿರಲಿಲ್ಲ. ಅರವತ್ತು ಪಾಠದಲ್ಲಿ ತಿಳಿಯದ್ದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತಿತ್ತು. ಒಂದೊಂದು ತಿಳಿದಾಗಲೂ ಒಂದೊಂದು ಕಡತದಿಂದ ಅವನ ಹೆಸರು ಹೋಗುತ್ತಿತ್ತು. ಅತ್ತಿಗೆ ಯಾವಾಗಲೋ ಒಳಗೆ ಬಂದು ಗೋಡೆಗೆ ಒರಗಿ ಕೂತಿದ್ದಳು. ಹೀಗೆ ಹತ್ತು ಕಡತ ಆಯಿತು.

ಹನ್ನೊಂದನೆಯದು ಚಿಕ್ಕದು, ಬರೀ ಮೆಟ್ಟಿಲಿನ ಪಕ್ಕ ಕೈ ಹಿಡಿಯುವ ಕಂಬಿಯ ಬಾಗು ಎಳೆಯುವಂಥದ್ದು. ಅವನು ತೋರಿಸುವ ಮೊದಲೇ ನನಗೆ ಪ್ರತಿ ಸಾಲೂ ಅರ್ಥವಾಗಿತ್ತು. ಅವನು ಕೊನೆಯ ಸಾಲು ಮುಗಿಸಿ ನನ್ನ ಮುಖ ನೋಡಿದ.

“ಗೊತ್ತಾಗಲಿಲ್ಲ ಅಣ್ಣ,” ಎಂದೆ.

ಅವನು ಬೇಸರಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಸರಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ.